ಪ್ರಾಣಿಪ್ರಿಯ, ಚಹಾಪ್ರಿಯ

"ನನ್ನ ಬಗ್ಗೆ ನಿಮಗೆ ಏನನ್ಸುತ್ತೆ, ಸ್ವಲ್ಪ ಹೇಳ್ತೀರಾ?" ಎಂದು ಅವನು ಕೇಳಿದಾಗ ಚಟಾಕಿಯ ಕೈಯಲ್ಲಿದ್ದ ಬನ್ನು ಜಾರಿ ಚಹಾದೊಳಗೆ ಬಿತ್ತು.

ಪಶುವೈದ್ಯಕೀಯ ಕಾಲೇಜಿನ ಕ್ಯಾಂಟೀನಿನಲ್ಲಿ ಆ ಹೊತ್ತಿಗೆ ಜನ ಕಡಿಮೆ. ಎದುರಿಗೆ ನಿಂತಿದ್ದವನು ಉದ್ದಣ್ಣ. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಿ ತಗ್ಗಿಸಿ, ಬಾಗಿಲಿಲ್ಲದ ಕಡೆಯೂ ಸ್ವಲ್ಪ ಬಗ್ಗಿಕೊಂಡೇ ನಿಲ್ಲುವ ಹುಡುಗ. ಇಬ್ಬರೂ ಕೊನೆಯ ವರ್ಷದವರೇ. ಆದರೂ ಅವರ ನಡುವೆ ಮಾತು ನಡೆದದ್ದು ಅಪರೂಪ. ಅವನು ಯಾರ ಜೊತೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಅದಕ್ಕೇ ಅವಳಿಗೆ ಚಟಾಕಿ ಎಂಬ ಹೆಸರು.

ಅವಳ ಕಿವಿ ಬಿಸಿಯಾಯಿತು. "ಹೀಗೆ ದಿಢೀರಂತ ಕೇಳಿದ್ರೆ ಏನು ಹೇಳ್ಲಿ? ಯೋಚನೆ ಮಾಡೋಕೆ ಟೈಮ್ ಬೇಕು."

"ನಾಳಿದ್ದಿನವರೆಗೆ ಸಾಕಾ? ಅಷ್ಟರೊಳಗೆ ಪ್ರೊಫೈಲಲ್ಲಿ ಹಾಕ್ಬೇಕು."

"ಪ್ರೊಫೈಲಲ್ಲಾ?"

ಅವನು ಫೋನು ಮುಂದೆ ಹಿಡಿದ. ಅವನದೊಂದು ಫೋಟೊ, ಅದರಲ್ಲಿ ಅವನ ತಲೆಯ ಮೇಲ್ಭಾಗ ಕತ್ತರಿಸಿಹೋಗಿತ್ತು. ಅದರ ಕೆಳಗೆ ಬರೀ ಖಾಲಿ. "ಬಯೋ. ಕಾಲೇಜಲ್ಲಿ ಎಲ್ಲರದ್ದೂ ನೀವೇ ಬರೆದುಕೊಡ್ತೀರಂತೆ."

ಚಟಾಕಿ ಚಮಚದಿಂದ ಬನ್ನನ್ನು ಹುಡುಕುವ ನೆಪದಲ್ಲಿ ಮುಖ ತಗ್ಗಿಸಿಕೊಂಡಳು. ತನ್ನ ಮೇಲೆ ತನಗೇ ನಗು ಬಂತು. ನಗುವಿನ ಹಿಂದೆ ಸಣ್ಣದೊಂದು ನಿರಾಸೆಯೂ ಇತ್ತು. ಅದನ್ನು ಅವಳು ಚಹಾದ ಜೊತೆ ನುಂಗಿದಳು.

ಬಯೋ ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಹಾಸ್ಟೆಲ್ಲಿನ ಹುಡುಗಿಯರಿಗೆ ಅವಳು ಹೇಳುತ್ತಿದ್ದದ್ದು ಇಷ್ಟೇ: "ಏನು ಓದ್ತಿದೀಯ ಅದನ್ನ ನೇರವಾಗಿ ಹೇಳು. ಆಮೇಲೆ ನೀನೊಬ್ಬಳೇ ಹೇಳಬಹುದಾದ ಒಂದು ನಿಜ ಹೇಳು. ಪ್ರಾಣಿಪ್ರಿಯೆ ಅಂತ ಮಾತ್ರ ಬರೀಬೇಡ. ಪಶುವೈದ್ಯೆ ಆಗೋಳು ಪ್ರಾಣಿಪ್ರಿಯೆ ಅಂದ್ರೆ ಮೀನು ನಾನು ಈಜ್ತೀನಿ ಅಂದಂಗೆ." ಅವಳು ಬರೆದುಕೊಟ್ಟ ಎರಡು ಸಾಲು ಓದಿದರೆ, ದಿನಾ ನೋಡುವ ಗೆಳತಿಯೂ ಹೊಸಬಳಂತೆ ಕಾಣುತ್ತಿದ್ದಳು.

ಈಗ ಎಲ್ಲರಿಗೂ ಬಯೋದ ಚಿಂತೆ ಹತ್ತಿದ್ದಕ್ಕೆ ಕಾರಣವಿತ್ತು. ಊರಿನ ದೊಡ್ಡ ಪ್ರಾಣಿ ಆಸ್ಪತ್ರೆ ಈ ಸಲ ಕಾಲೇಜಿನಿಂದ ಒಬ್ಬರನ್ನೇ ತರಬೇತಿಗೆ ತೆಗೆದುಕೊಳ್ಳುವುದಿತ್ತು. ಅರ್ಜಿಯ ಜೊತೆ ಪ್ರೊಫೈಲಿನ ಲಿಂಕನ್ನೂ ಕೇಳಿದ್ದರು. ಮಾರ್ಕ್ಸ್ ಎಲ್ಲರದ್ದೂ ಒಂದೇ ಥರ ಇರುತ್ತೆ, ತಮ್ಮ ಬಗ್ಗೆ ಎರಡು ಸಾಲಲ್ಲಿ ಏನು ಹೇಳ್ಕೋತಾರೆ ನೋಡೋಣ ಎಂದು ಅಲ್ಲಿನ ಡಾಕ್ಟರಮ್ಮ ಅಂದಿದ್ದರಂತೆ.

"ಬರೆದುಕೊಡ್ತೀನಿ, ಉದ್ದ," ಅಂದಳು. "ಆದ್ರೆ ನಿಮ್ಮನ್ನ ಸ್ವಲ್ಪ ನೋಡ್ಬೇಕು. ನೋಡದೆ ಬರೆಯೋಕಾಗಲ್ಲ."

"ಎಲ್ಲರೂ ಉದ್ದಣ್ಣ ಅಂತಾರೆ. ನೀವು ಬರೀ ಉದ್ದ ಅಂತೀರಲ್ಲ?"

"ಅಣ್ಣ ಅನ್ನೋಕೆ ನಮ್ಮನೇಲಿ ಒಬ್ಬ ಇದಾನೆ. ಅಷ್ಟೇ ಸಾಕಾಗಿದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ಕಂಬದ ಕಡೆ ತಿರುಗಿ ನಕ್ಕ. ಕಂಬಕ್ಕೆ ಸಿಕ್ಕ ಆ ನಗುವಿನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಬೆಳಿಗ್ಗೆ ಅವಳು ಕಾಲೇಜಿನ ಕೊಟ್ಟಿಗೆಗೆ ಹೋದಳು. ಮೇವು ಬಿಟ್ಟ ಹಸುವೊಂದರ ಪಕ್ಕದಲ್ಲಿ ಅವನು ನಿಂತಿದ್ದ. ಅಂಗೈಯನ್ನು ಅದರ ಎಡ ಪಕ್ಕೆಯ ಹಿಂದಿನ ಗುಳಿಯಲ್ಲಿ ಇಟ್ಟು ಕಣ್ಣು ಮುಚ್ಚಿಕೊಂಡಿದ್ದ. ಕ್ಯಾಂಟೀನಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಹುಡುಗ ಇವನೇ ಎಂದು ಹೇಳಿದರೆ ನಂಬುವಂತಿರಲಿಲ್ಲ. ಹಸು ಮೊದಲು ಚಡಪಡಿಸಿತು, ಆಮೇಲೆ ತಲೆ ಇಳಿಬಿಟ್ಟು ಸುಮ್ಮನಾಯಿತು.

"ಸ್ಟೆತಸ್ಕೋಪು ಕುತ್ತಿಗೇಲಿ ಚೆಂದಕ್ಕಾ?" ಅಂದಳು ಚಟಾಕಿ.

"ಅದು ಆಮೇಲೆ. ಮೊದಲು ಕೈಯಿಂದ ಕೇಳ್ಬೇಕು," ಅವನು ಕಣ್ಣು ತೆರೆಯದೆ ಹೇಳಿದ. "ಇನ್ನೂ ಕಲೀತಾ ಇದೀನಿ."

"ಯಾರು ಕಲಿಸಿದ್ದು?"

"ಮನೇಲಿ." ಅಷ್ಟೇ ಹೇಳಿ, ಅವಳ ಮಣಿಕಟ್ಟು ಹಿಡಿದು, ಅವಳ ಅಂಗೈಯನ್ನು ಹಸುವಿನ ಹೊಟ್ಟೆಯ ಮೇಲಿಟ್ಟು ತನ್ನ ಕೈಯಿಂದ ಮೆಲ್ಲಗೆ ಒತ್ತಿದ. "ಒಳಗೆ ಅಲೆ ಥರ ಬರುತ್ತೆ ನೋಡಿ. ಬಂತಾ?"

"ಹೂಂ, ಬಂತು," ಅಂದಳು. ಬಂದಿದ್ದ ಅಲೆ ಹಸುವಿನದಾಗಿರಲಿಲ್ಲ.

ಆ ಸಂಜೆ ಅವಳು ಲೈಬ್ರರಿಯಲ್ಲಿ ಕುಳಿತು ಎರಡು ಬಯೋ ಬರೆಯಬೇಕಿತ್ತು. ಒಂದು ಅವನದು, ಒಂದು ತನ್ನದು. ಊರಿಗೆಲ್ಲ ಬರೆದುಕೊಟ್ಟವಳಿಗೆ ತನ್ನದು ಮಾತ್ರ ಬರೆಯಲು ಬರುತ್ತಿರಲಿಲ್ಲ. ಬರೆದದ್ದೆಲ್ಲ ಯಾರೋ ಬಾಡಿಗೆಗೆ ಕೊಟ್ಟ ಅಂಗಿಯಂತೆ ಕಾಣುತ್ತಿತ್ತು. ಪ್ರಾಕ್ಟಿಕಲ್ಲಿನಲ್ಲಿ ಅವಳ ಬೆರಳು ನಡುಗುವುದನ್ನು ಕಂಡು ಲೆಕ್ಚರರ್ ಎಲ್ಲರೆದುರು ಹೇಳಿದ್ದರು: "ಬಾಯಿಗಿರೋ ಚುರುಕು ಕೈಗಿಲ್ವಲ್ಲಮ್ಮ." ತರಬೇತಿ ಸಿಕ್ಕರೆ ಇಲ್ಲೇ ಉಳಿಯಬಹುದು, ಸಿಗದಿದ್ದರೆ ಅಣ್ಣನ ಔಷಧಿ ಅಂಗಡಿಯಲ್ಲಿ ಬಿಲ್ಲು ಹರಿಯುತ್ತ ಕೂರಬೇಕು. ಅದನ್ನು ಅಪ್ಪ ಫೋನಿನಲ್ಲಿ ಆಗಲೇ ತೀರ್ಮಾನಿಸಿಬಿಟ್ಟಿದ್ದರು.

ಅವನಿಗಾಗಿ ಅವಳು ಮೊದಲು ಟೈಪ್ ಮಾಡಿದ್ದು ಇದು: 'ಪಶುವೈದ್ಯ ವಿದ್ಯಾರ್ಥಿ. ಕೈಯಿಂದ ಕೇಳಲು ಕಲಿಯುತ್ತಿದ್ದೇನೆ.'

ಓದಿದಳು. ಮತ್ತೆ ಓದಿದಳು. ಇದರ ಮುಂದೆ ಇನ್ನು ಯಾರ ಬಯೋವೂ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅವಳ ವಿದ್ಯೆಯೇ ಅದು, ಗೊತ್ತಾಗದೆ ಇರುತ್ತದೆಯೇ?

ಅವಳು 'ವಿದ್ಯಾರ್ಥಿ' ಎಂಬುದನ್ನು 'ವಿದ್ಯಾರ್ಥಿನಿ' ಮಾಡಿದಳು. ಅಷ್ಟೇ ಮಾಡಿದ್ದು. ಆ ಸಾಲು ಅವಳ ಪ್ರೊಫೈಲಿನಲ್ಲಿ ಹೋಗಿ ಕುಳಿತಿತು.

ಅವನಿಗೆ ಬೇರೆ ಬರೆದು ಕಳಿಸಿದಳು: 'ಪಶುವೈದ್ಯ ವಿದ್ಯಾರ್ಥಿ. ಪ್ರಾಣಿಪ್ರಿಯ. ಚಹಾಪ್ರಿಯ.'

"ತುಂಬ ಚೆನ್ನಾಗಿದೆ," ಎಂದು ಅವನು ಉತ್ತರ ಹಾಕಿದ. "ನನ್ನ ಬಗ್ಗೆ ಇಷ್ಟು ಯಾರೂ ಬರೆದಿರ್ಲಿಲ್ಲ."

ಆ ಉತ್ತರ ಓದಿ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಆಮೇಲೆ ತನ್ನ ಪೇಜು ಅವನಿಗೆ ಕಾಣದಂತೆ ಮಾಡಿದಳು.

ತರಬೇತಿ ಅವಳಿಗೇ ಸಿಕ್ಕಿತು. "ಆ ಒಂದು ಸಾಲಿಗೆ ನಿನ್ನ ಕರೆದೆ ಕಣಮ್ಮ," ಎಂದರು ಡಾಕ್ಟರಮ್ಮ. ಅವರು ಕನ್ನಡಕದ ಮೇಲಿಂದ ನೋಡಿ, ಕಡಿಮೆ ಮಾತಿನಲ್ಲಿ ಮುಗಿಸುವವರು. ಆಸ್ಪತ್ರೆಯ ಎಲ್ಲರಿಗೂ ಅವಳನ್ನು ಕೈಯಿಂದ ಕೇಳೋ ಹುಡುಗಿ ಎಂದೇ ಪರಿಚಯಿಸಿದರು. ಅವರು ಹಾಗೆನ್ನುವಾಗಲೆಲ್ಲ ಅವಳು ಕೈಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ಒಂದೇ ಸಲ ಮುಟ್ಟಿಕೊಂಡ. ಇವಳದು ದಿನವಿಡೀ ಅದೇ ಆಯಿತು.

ಸುದ್ದಿ ಕೇಳಿ ಉದ್ದ ಬಂದಿದ್ದ, ಕೈಯಲ್ಲೊಂದು ಬನ್ನು ಹಿಡಿದುಕೊಂಡು. "ಆವತ್ತು ನನ್ನಿಂದ ಒಂದು ಚಹಾದಲ್ಲಿ ಮುಳುಗಿತ್ತಲ್ಲ," ಅಂದ. ತನಗೆ ಸಿಗದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವನು ಸಿಟ್ಟಾಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಪ್ರತಿ ಸಂಜೆ ಆಸ್ಪತ್ರೆಯ ಗೇಟಿನ ಬಳಿ ನಿಲ್ಲತೊಡಗಿದ. ಇಬ್ಬರೂ ಬಸ್‌ಸ್ಟಾಪಿನವರೆಗೆ ನಡೆಯುತ್ತಿದ್ದರು. ಬಸ್ಸು ಬಂದರೂ ಹತ್ತದೆ ಇನ್ನೊಂದಕ್ಕೆ ಕಾಯುತ್ತಿದ್ದರು. 'ನೀವು' ಹೋಗಿ ಯಾವಾಗ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ. ಅವಳ ಎತ್ತರಕ್ಕೆ ಸರಿಯಾಗಲೆಂದು ಅವನು ಫುಟ್‌ಪಾತಿನಿಂದ ಇಳಿದು ರಸ್ತೆಯಲ್ಲಿ ನಡೆಯುತ್ತಿದ್ದ. ಅವಳು ಏನಾದರೂ ಹೇಳಿದರೆ ಪೂರ್ತಿ ಕೇಳಿ, ಆಮೇಲೂ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದ, ಇನ್ನೇನೋ ಬರುವುದಿದೆ ಎಂಬಂತೆ. ಬರುವುದಿತ್ತು. ಅದು ಗಂಟಲಿನವರೆಗೆ ಬಂದು ದಿನಾ ವಾಪಸು ಹೋಗುತ್ತಿತ್ತು.

"ನಿನ್ನ ಪೇಜು ನಂಗೆ ಕಾಣ್ತಾನೇ ಇಲ್ಲ," ಅಂದ ಒಂದು ಸಂಜೆ.

"ಏನೋ ಪ್ರಾಬ್ಲಂ ಇದೆ. ಸರಿ ಮಾಡ್ಸಬೇಕು."

"ಬಿಡು. ನೀನೇ ಕಾಣ್ತಿದೀಯಲ್ಲ."

ಇಂಥ ಮಾತಿಗೆ ಬೇರೆ ಯಾವ ಹುಡುಗಿಯಾದರೂ ಕರಗಿಹೋಗುತ್ತಿದ್ದಳು. ಚಟಾಕಿಯೂ ಕರಗಿದಳು. ಕರಗುತ್ತಲೇ, ಅವನು ಇಷ್ಟಪಡುತ್ತಿರುವುದು ಯಾರನ್ನೋ, ತಾನು ಇನ್ಯಾರೋ ಎಂದು ಅವಳಿಗೆ ಅನ್ನಿಸಿತು. ಅವನು ಕೈ ಹಿಡಿಯಲು ಬಂದಾಗ ಅವಳು ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದಳು. ಅವನ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಸುಮ್ಮನೆ ಕಾಲರ್ ಸರಿಮಾಡಿಕೊಂಡಿತು.

"ಭಾನುವಾರ ಮನೆಗೆ ಬಾ. ಅಮ್ಮ ನಿನ್ನ ನೋಡ್ಬೇಕಂತೆ," ಅಂದ.

ಮನೆ ಮೊದಲ ಮಹಡಿಯಲ್ಲಿತ್ತು. ಕರೆಗಂಟೆ ಒತ್ತಿದರೆ ಸದ್ದಾಗಲಿಲ್ಲ, ಬದಲಿಗೆ ಒಳಗೆ ದೀಪವೊಂದು ಹತ್ತಿ ಆರಿತು. ಬಾಗಿಲು ತೆರೆದವಳು ಅವನ ಅಮ್ಮ, ಹಿಂದೆಯೇ ಅವನು. ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಅಮ್ಮನದು. ಮಗನ ಭುಜದವರೆಗೂ ಬರದ ಚಿಕ್ಕ ಆಳು, ಆದರೆ ದೃಷ್ಟಿ ಮಾತ್ರ ನೆಟ್ಟರೆ ಕೀಳುತ್ತಿರಲಿಲ್ಲ.

"ನಮಸ್ಕಾರ ಅಮ್ಮ," ಅಂದಳು ಚಟಾಕಿ.

ಆಕೆ ಏನೂ ಹೇಳದೆ ಹತ್ತಿರ ಬಂದು, ತನ್ನ ಅಂಗೈಯನ್ನು ಚಟಾಕಿಯ ಗಂಟಲ ಮೇಲೆ, ಗಲ್ಲದ ಕೆಳಗೆ ಇಟ್ಟಳು. ಮಗನ ಕಡೆ ನೋಡಿ ತಲೆಯಾಡಿಸಿದಳು.

"ಇನ್ನೊಂದ್ಸಲ ಹೇಳು," ಅಂದ ಅವನು. "ಅಮ್ಮಂಗೆ ಕಿವಿ ಕೇಳಲ್ಲ, ಹುಟ್ಟಿದಾಗಿಂದ. ತುಟಿ ನೋಡಿ ಅರ್ಧ, ಕೈಯಿಟ್ಟು ಅರ್ಧ. ಅಮ್ಮ ಕೈಯಿಂದಾನೇ ಕೇಳೋದು. ನಾನು ಚಿಕ್ಕವನಿದ್ದಾಗ ನಿದ್ದೇಲಿ ಅತ್ರೆ ಗೊತ್ತಾಗಲ್ಲ ಅಂತ, ನನ್ನ ಎದೆ ಮೇಲೆ ಕೈಯಿಟ್ಕೊಂಡೇ ಮಲಗ್ತಿದ್ಲಂತೆ."

ತಾನು ಎತ್ತಿಕೊಂಡದ್ದು ಒಂದು ಚೆಂದದ ಮಾತು ಎಂದಷ್ಟೇ ಚಟಾಕಿ ಅಂದುಕೊಂಡಿದ್ದಳು. ಅದು ಈ ಮನೆಯೊಳಗೆ ತಾಯಿಯೊಬ್ಬಳು ಮಗುವನ್ನು ಸಾಕಿದ ರೀತಿ.

ಆಕೆ ಮಗನಿಗೆ ಬೆರಳುಗಳಿಂದ ಏನೋ ಹೇಳಿದಳು. ಅವನು ನಾಚಿಕೊಂಡ. "ನನ್ನ ಮಗ ಹೇಗೆ ಅಂತ ಕೇಳ್ತಿದಾಳೆ. ನೀನು ಹೇಳು, ನಾನು ಕೈಭಾಷೇಲಿ ಹೇಳ್ತೀನಿ."

ಅಂಗೈ ಇನ್ನೂ ಗಂಟಲ ಮೇಲಿತ್ತು. ಬೆಚ್ಚಗೆ, ಗಾಜಿನ ಪುಡಿಗೆ ಒರಟಾದ ಅಂಗೈ. ಚಟಾಕಿ ಬಾಯಿ ತೆರೆದಳು. ಮಾತೇ ಬಂಡವಾಳವಾಗಿದ್ದವಳಿಗೆ ಒಂದಕ್ಷರವೂ ಹೊರಡಲಿಲ್ಲ.

ಅಮ್ಮ ಹುಬ್ಬು ಗಂಟಿಕ್ಕಿ ಮಗನಿಗೆ ಏನೋ ಹೇಳಿದಳು. ಅವನ ಮುಖ ಬದಲಾಯಿತು. "ನೀನು ಅಳ್ತಿದೀಯ ಅಂತಿದಾಳೆ. ಸದ್ದಿಲ್ದೆ."

"ನಾನು ಹೇಳ್ತೀನಿ," ಅಂದಳು ಚಟಾಕಿ. "ಹೇಳಿದ್ದೆಲ್ಲ ಅಮ್ಮಂಗೆ ಹೇಳು. ನಡುವೆ ನಿಲ್ಲಿಸ್ಬೇಡ."

ಅವನು ಕೈ ಎತ್ತಿ ಕಾದ.

"ನಿಮ್ಮ ಮಗ ನನ್ನ ಹತ್ರ ಅವನ ಬಗ್ಗೆ ಬರೆಸ್ಕೊಳ್ಳೋಕೆ ಬಂದ." ಅವನ ಕೈಗಳು ಆಡಿದವು. "ಕೈಯಿಂದ ಕೇಳೋದು ಕಲೀತಿದೀನಿ ಅಂತ ಒಂದು ಮಾತು ಹೇಳಿದ. ಅದು ನಿಮ್ಮದು ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೆ ನಂದಲ್ಲ ಅಂತ ಗೊತ್ತಿತ್ತು." ಅವನ ಕೈ ನಿಧಾನವಾಯಿತು. "ಅದನ್ನ ನನ್ನ ಬಯೋದಲ್ಲಿ ಹಾಕ್ಕೊಂಡೆ. ಅದೇ ಸಾಲಿಗೆ ಆಸ್ಪತ್ರೇಲಿ ನನ್ನ ತಗೊಂಡ್ರು. ಅವನಿಗೆ ಸಿಗಬೇಕಾಗಿದ್ದು ಅದು."

ಅವನ ಕೈಗಳು ಗಾಳಿಯಲ್ಲೇ ನಿಂತವು.

"ಹೇಳು ಅಮ್ಮಂಗೆ," ಅಂದಳು.

ಅವನು ಹೇಳಿದ. ತನಗೆ ಆದ ಮೋಸವನ್ನು ತನ್ನ ಬೆರಳಿನಿಂದಲೇ ಹೇಳಿದ. ಆಮೇಲೆ ಕೈಗಳನ್ನು ಇಳಿಸಿ ಕಿಟಕಿಯ ಕಡೆ ತಿರುಗಿದ.

"ಸಾಲು ಹೋಗ್ಲಿ," ಅಂದ. ದನಿ ಏರಲಿಲ್ಲ. "ನೀನು ನನ್ನ ನೋಡ್ಬೇಕು ಅಂತ ಕೊಟ್ಟಿಗೆಗೆ ಬಂದಿದ್ದೆ. ನೋಡಿದೆ. ನೋಡಿಯೂ ಪ್ರಾಣಿಪ್ರಿಯ, ಚಹಾಪ್ರಿಯ ಅಂತ ಬರೆದುಕೊಟ್ಟೆ. ನಾನು ಅದನ್ನ ಎಷ್ಟು ಸಲ ತೆಗೆದು ಓದಿದೀನಿ ಗೊತ್ತಾ?"

ಕದ್ದದ್ದಕ್ಕಿಂತ ಕೊಟ್ಟದ್ದೇ ದೊಡ್ಡ ತಪ್ಪು ಎಂದು ಅವಳಿಗೆ ಆಗ ತಿಳಿಯಿತು.

ಅಮ್ಮ ಗಂಟಲಿನಿಂದ ಕೈ ತೆಗೆದು, ಮಗನಿಗೆ ಚುಟುಕಾಗಿ ಏನೋ ಹೇಳಿ ಒಳಗೆ ಹೋದಳು.

"ಏನಂದ್ರು?"

"ಆ ಮಾತು ಅವಳದಂತೆ, ನಂದೂ ಅಲ್ವಂತೆ. ಕೇಳಿದ್ರೆ ಕೊಡ್ತಿದ್ಲಂತೆ. ಈಗ ಕೊಡಲ್ವಂತೆ."

ಮರುದಿನ ಬೆಳಿಗ್ಗೆ ಅವಳು ಡಾಕ್ಟರಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವರು ಬೆಕ್ಕೊಂದರ ಕಾಲಿಗೆ ಬ್ಯಾಂಡೇಜು ಸುತ್ತುತ್ತಿದ್ದವರು, ಸುತ್ತಿ ಮುಗಿಸುವವರೆಗೂ ತಲೆ ಎತ್ತಲಿಲ್ಲ.

"ನಿನ್ನ ಕೈ ನೋಡಿದಾಗ್ಲೇ ಅನ್ನಿಸ್ತು, ಸಾಲು ಎಲ್ಲಿಂದ್ಲೋ ಬಂದಿದೆ ಅಂತ," ಎಂದರು. "ನೀನಾಗೇ ಬಂದು ಹೇಳ್ತೀಯ ಅಂದ್ಕೊಂಡಿರ್ಲಿಲ್ಲ."

"ಅವನನ್ನ ಒಂದ್ಸಲ ಕರೆದು ನೋಡಿ ಮೇಡಂ."

"ಯಾರನ್ನ ಕರೀಬೇಕು ಅಂತ ನಾನು ನೋಡ್ಕೋತೀನಿ. ನೀನು ನಾಳೆಯಿಂದ ಬರಬೇಡ."

"ಆಯ್ತು ಮೇಡಂ," ಅಂದಳು. ಏಪ್ರನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೊರಬಂದಳು. ಬಯೋದಲ್ಲಿದ್ದ ಸಾಲನ್ನು ಅಳಿಸಿದಳು. ಅಲ್ಲಿ ಬೇರೆ ಏನನ್ನೂ ಬರೆಯಲಿಲ್ಲ. ಅಣ್ಣನಿಗೆ ಫೋನು ಮಾಡಿ, ಪರೀಕ್ಷೆ ಮುಗಿದ ಮೇಲೆ ಅಂಗಡಿಗೆ ಬರುತ್ತೇನೆ ಎಂದಳು. "ಏನಾಯ್ತೇ, ದನಿ ಯಾಕೆ ಹಾಗಿದೆ?" ಎಂದ ಅಣ್ಣನಿಗೆ ನೆಗಡಿ ಎಂದಳು.

ಡಾಕ್ಟರಮ್ಮ ಉದ್ದನನ್ನು ಕರೆಸಿ, ಕುಂಟುತ್ತಿದ್ದ ಕುದುರೆಯೊಂದನ್ನು ಎದುರಿಗೆ ನಿಲ್ಲಿಸಿ, ಏನೂ ಹೇಳದೆ ಹೊರಗೆ ಹೋದರಂತೆ. ವಾಪಸು ಬಂದಾಗ ಅವನು ಅದರ ಗೊರಸು ಹಿಡಿದುಕೊಂಡು ಕುಳಿತಿದ್ದನಂತೆ, ಕುದುರೆ ಅವನ ಹೆಗಲ ಮೇಲೆ ಗಲ್ಲವಿಟ್ಟುಕೊಂಡಿತ್ತಂತೆ. ಅಂದಿನಿಂದಲೇ ಅವನು ಕೆಲಸಕ್ಕೆ ಸೇರಿದ. ಇದೆಲ್ಲ ಚಟಾಕಿಗೆ ಹಾಸ್ಟೆಲ್ಲಿನವರ ಬಾಯಿಂದ ತಿಳಿದದ್ದು. ಅವನು ಒಂದು ಮೆಸೇಜೂ ಮಾಡಲಿಲ್ಲ. ಕಾಲೇಜಿನ ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಡುತ್ತಿದ್ದ. ಅಷ್ಟು ಮರ್ಯಾದೆ ಅವಳಿಗೆ ಬೇಕಿರಲಿಲ್ಲ.

ಹೀಗಿರುವಾಗ ಒಂದು ಹೊಸ ನಂಬರಿನಿಂದ ಮೆಸೇಜು ಬಂತು: 'ಭಾನುವಾರ ಬಾ. ಮಗ ಡ್ಯೂಟಿಗೆ ಹೋಗಿರ್ತಾನೆ. ಅಮ್ಮ.'

ಚಟಾಕಿ ಹೋದಳು. ಅಮ್ಮ ಅವಳನ್ನು ಮೇಜಿನ ಎದುರು ಕೂರಿಸಿ, ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು: 'ನಿನಗೆ ಬೈಯಬೇಕು. ಆದರೆ ನನ್ನ ಭಾಷೆ ನಿನಗೆ ಬರಲ್ಲ. ಬೈದರೆ ಗೊತ್ತಾಗಲ್ಲ. ಮೊದಲು ಕಲಿ.'

ಚಟಾಕಿ ಓದಿ ತಲೆ ಎತ್ತಿದಳು. ಆಕೆಯ ಮುಖದಲ್ಲಿ ನಗು ಇರಲಿಲ್ಲ, ಆದರೆ ಮೇಜಿನ ಮೇಲೆ ಎರಡು ಲೋಟ ಚಹಾ ಇತ್ತು.

ಆಮೇಲೆ ಪ್ರತಿ ಭಾನುವಾರ ಅವಳು ಹೋದಳು. ನೀರು, ಬಾಗಿಲು, ಹಸಿವು, ಸುಳ್ಳು, ಮಗ. ಅವಳ ನಡುಗುವ ಬೆರಳುಗಳನ್ನು ಅಮ್ಮ ಹಿಡಿದು ಸರಿಮಾಡುತ್ತಿದ್ದಳು. ತಪ್ಪಿದರೆ ಮೊಣಕೈಗೆ ಒಂದು ಏಟು. ಸಾಕಷ್ಟು ಕಲಿತ ಮೇಲೆ ಒಂದು ಮಧ್ಯಾಹ್ನ ಅಮ್ಮ ನಿಜವಾಗಿಯೂ ಬೈದಳು, ಎದ್ದು ನಿಂತು, ಎರಡೂ ಕೈಯೆತ್ತಿ. ಚಟಾಕಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಅಷ್ಟು ಅರ್ಥವಾದದ್ದಕ್ಕೆ ಅತ್ತಳು. ಬೈದು ಮುಗಿಸಿದ ಅಮ್ಮ ಸುಸ್ತಾಗಿ ಕುಳಿತು, ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಅದರ ಮುಂದಿನ ವಾರ ಡ್ಯೂಟಿ ಬೇಗ ಮುಗಿದು ಅವನು ಮನೆಗೆ ಬಂದ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟವನಿಗೆ ಕಂಡದ್ದು, ಮೇಜಿನ ಆಚೀಚೆ ಕುಳಿತ ಇಬ್ಬರು ಹೆಂಗಸರು, ಒಬ್ಬಳು ಅವನ ನಡಿಗೆಯನ್ನು ಎರಡು ಬೆರಳಿನಲ್ಲಿ ಅಣಕಿಸಿ ತೋರಿಸುತ್ತಿದ್ದದ್ದು, ಇನ್ನೊಬ್ಬಳು ನಗುತ್ತಿದ್ದದ್ದು.

ಚಟಾಕಿ ತಟ್ಟನೆ ಎದ್ದು ನಿಂತಳು. ಅಮ್ಮ ಇಬ್ಬರನ್ನೂ ನೋಡಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

"ಯಾವಾಗಿಂದ ಇದು?" ಅಂದ.

ಅವಳು ಬಾಯಿ ತೆರೆಯಲಿಲ್ಲ. ಬಾಯಿಂದ ಬಂದದ್ದನ್ನು ಅವನು ಇನ್ನು ನಂಬಬೇಕಾಗಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಕೈ ಎತ್ತಿದಳು. ಎಷ್ಟೋ ಸಲ ಅಭ್ಯಾಸ ಮಾಡಿದ ಮಾತು ಅದು. ನಿನ್ನನ್ನು ನೋಡಿದೆ. ಕಡಿಮೆ ಬರೆದೆ. ನಿನ್ನ ಮೇಲೆ ನನಗೆ ಪ್ರೀತಿ. ನಿನಗೆ ಇಲ್ಲದಿದ್ದರೂ ಸರಿ. ಕೊನೆಯ ಮಾತಿಗೆ ಬರುವಷ್ಟರಲ್ಲಿ ಕಣ್ಣು ಮಂಜಾಗಿ ಬೆರಳುಗಳು ನಡುಗತೊಡಗಿದವು. ಒಂದು ಅಂಗೈಯ ಮೇಲೆ ಇನ್ನೊಂದನ್ನು ಎಳೆದಳು. ಸರಿಯಾಗಲಿಲ್ಲವೆಂದು ಮತ್ತೆ ಎಳೆದಳು. ಮತ್ತೆ.

ಅವನು ಮೇಜು ಬಳಸಿ ಅವಳ ಹತ್ತಿರ ಬಂದ.

"ಕೊನೇದು ತಪ್ಪಾಯ್ತು," ಅಂದ. "ಕ್ಷಮಿಸು ಅನ್ನೋಕೆ ಒಂದೇ ಸಲ, ನಿಧಾನಕ್ಕೆ. ನೀನು ಮತ್ತೆ ಮತ್ತೆ ಮಾಡಿದೆ. ಅದು ಒರೆಸು ಅಂತ ಆಯ್ತು."

"ಸರಿಯಾಗಿ ಹೇಗೆ ತೋರಿಸು," ಅಂದಳು. ದನಿ ಒಡೆದಿತ್ತು.

"ತೋರಿಸ್ತೀನಿ. ಈಗ್ಲೇ ಅಲ್ಲ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ."

"ಎಷ್ಟು ದಿನ ಬೇಕಾದ್ರೂ ಇಟ್ಕೋ."

"ಇಟ್ಕೋತೀನಿ," ಅಂದ ಅವನು. ಆಮೇಲೆ ಅಂಗಿಯ ತೋಳನ್ನು ಬೆರಳ ಮೇಲೆ ಎಳೆದುಕೊಂಡು, ಅವಳ ಎತ್ತರಕ್ಕೆ ಬಗ್ಗಿ, ಅವಳು ಕೇಳಿದ್ದಂತೆ ಮೊದಲು ಒಂದು ಕೆನ್ನೆ, ಆಮೇಲೆ ಇನ್ನೊಂದನ್ನು ಒರೆಸಿದ.